ಸಸಿ ಮಡಿಗೆ ತಂದ ಮರಳು

"ಶಿವಗಂಗಮ್ಮಾರ ಮೆಣಸಿನ ಮಡಿಗೆ ಈ ಸಲ ಗಂಗಕ್ಕ ಬೀಜ ಹಾಕ್ತಾಳಂತೆ" ಎಂದು ಏಕನಾಥಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಾಗ ಹಾಲಸ್ವಾಮಿ ಬುತ್ತಿಯ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ. ಮುಚ್ಚಳ ಕೂರಲಿಲ್ಲ. ತಿರುಗಿಸಿ ಒತ್ತಿದ; ಆಗಲೂ ಕೂರಲಿಲ್ಲ. ಹೆಂಡತಿ ಇದನ್ನು ತನಗೆ ಹೇಳಿದಳೋ, ಹಿತ್ತಲ ಬಾಗಿಲಲ್ಲಿ ತಾಮ್ರದ ಕೊಡ ಬೆಳಗುತ್ತಿದ್ದ ಮಗಳ ಕಿವಿಗೆ ಬೀಳಲೆಂದು ಹೇಳಿದಳೋ ತಿಳಿಯಲಿಲ್ಲ. ಮಲ್ಲಕ್ಕ ಕೈ ನಿಲ್ಲಿಸಲಿಲ್ಲ. ಹುಣಸೆಹಣ್ಣಿನಲ್ಲಿ ಉಜ್ಜುವ ಸದ್ದು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಬರುತ್ತಲೇ ಇತ್ತು. ಹದಿನಾರು ವರ್ಷದ ಹುಡುಗಿ ಅಷ್ಟು ಹೊತ್ತು ಒಂದೇ ಕೊಡ ಉಜ್ಜುತ್ತಾಳೆಂದರೆ ಕೊಡದಲ್ಲಿ ಕೊಳೆ ಉಳಿದಿದೆ ಎಂದಲ್ಲ. "ಯಾವತ್ತಂತೆ?" ಎಂದು ಕೇಳಿದ. "ಇವತ್ತೇ. ಹೊತ್ತು ಇಳಿದ ಮೇಲೆ. ಮೃಗಶಿರ ಹೊಕ್ಕೈತಲ್ಲ, ಇನ್ನೇನು ಕಾಯ್ತಾರೆ?" ಮುಚ್ಚಳವನ್ನು ಹಾಗೇ ಮೇಲಿಟ್ಟು ಡಬ್ಬಿಯನ್ನು ಟವಲಿನಲ್ಲಿ ಗಂಟು ಕಟ್ಟಿದ. ಹೊರಡುವಾಗ ಹಿತ್ತಲ ಕಡೆ ನೋಡಬಾರದು ಅಂದುಕೊಂಡೇ ನೋಡಿದ. ಅವಳು ಕೊಡವನ್ನು ಬಿಸಿಲಿಗೆ ಹಿಡಿದಿದ್ದಳು. ಅದು ಕೆಂಪಗೆ ಹೊಳೆಯುತ್ತಿತ್ತು. ತಾಮ್ರದ ಕೊಡದ ನೀರು ಮೈಗೆ ಒಳ್ಳೇದು ಅಂತ ತನ್ನ ಅವ್ವ ಹೇಳುತ್ತಿದ್ದದ್ದು ನೆನಪಾಯಿತು.

ಕೈಗುಣ ಇದ್ದದ್ದು ಅವ್ವನಿಗೆ. ಅವಳು ಉದುರಿಸಿದ ಬೀಜ ಒಂದೂ ಹುಸಿ ಹೋಗುವುದಿಲ್ಲ ಎಂದು ಹಟ್ಟಿಯವರಷ್ಟೇ ಅಲ್ಲ, ಊರೊಳಗಿನ ಲಿಂಗಾಯತರ ಮನೆಯವರೂ ಬಂದು ಕರೆಯುತ್ತಿದ್ದರು. ಸಾಯುವ ಹಿಂದಿನ ವರ್ಷ ಮೊಮ್ಮಗಳ ಪುಟ್ಟ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ಬೂದಿ ಬೆರೆಸಿದ ಮೆಣಸಿನ ಬೀಜವನ್ನು ಬೆರಳ ಸಂದಿಯಿಂದ ಬಿಡುವುದು ಹೇಗೆಂದು ತೋರಿಸಿದ್ದಳು. ಆಮೇಲೆ ನಾಲ್ಕು ವರ್ಷ ಶಿವಗಂಗಮ್ಮನವರ ಮಡಿಗೆ ಮಲ್ಲಕ್ಕನೇ. ಅವರು ಮನೆ ಬಾಗಿಲಿಗೆ ಬಂದು "ಬಾರವ್ವ, ನಿನ್ನ ಕೈ ಇಲ್ದೆ ನಮ್ಮ ಮಡಿ ಏಳಲ್ಲ" ಅನ್ನುವರು. ಮಡಿಯ ಮೂಲೆಗೆ ಅರಿಸಿನ ಕುಂಕುಮ ಇಟ್ಟು ಮೊರವನ್ನು ಅವಳ ಕೈಗೆ ಕೊಟ್ಟಾಗ ದೊಡ್ಡ ದೊಡ್ಡ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವರು. ಒಂದು ಸಲ ಅವನು ಬೇಲಿಯಾಚೆಯಿಂದ ಅದನ್ನು ನೋಡಿದ್ದ. ಗಣಿಯ ಗೇಟಿನಲ್ಲಿ ದಿನವೂ ಎರಡು ಕೈ ಮೇಲೆತ್ತಿ ನಿಂತು ಜೇಬು ಮುಟ್ಟಿಸಿಕೊಳ್ಳುವವನಿಗೆ, ತನ್ನ ಮಗಳು ಬರುತ್ತಾಳೆಂದು ಜನ ಹಿಂದೆ ಸರಿದದ್ದು ಕಂಡು ಬೇಲಿ ಬಿಟ್ಟು ಹೋಗಲು ಮನಸ್ಸಾಗಿರಲಿಲ್ಲ. ಈಗ ಅವಳು ಬೀಜದ ಗಡಿಗೆಯ ಹತ್ತಿರವೂ ಹೋಗುವುದಿಲ್ಲ. ಮೊನ್ನೆ ಏಕನಾಥಮ್ಮ ಅವರೆ ಬೀಜ ಆರಿಸು ಅಂದರೆ, "ನೀನೇ ಆರಿಸವ್ವ, ನನ್ನ ಕೈ ಯಾಕೆ" ಎಂದು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಎದ್ದು ಹೋದಳು. ಕೈಯನ್ನು ಬಚ್ಚಿಡಲು ಕಲಿತ ಮಗಳನ್ನು ನೋಡುತ್ತ ಅವನು ಮುದ್ದೆ ನುಂಗುತ್ತಿದ್ದ. ನುಂಗಿದ್ದ ಕೂಡ.

ಹಿರೇಗುಂಟನೂರಿನ ದಾರಿ ಬಿಟ್ಟು ಗುಡ್ಡದ ಕಡೆ ತಿರುಗಿದರೆ ಏರು. ಅಲ್ಲಿ ಸೈಕಲ್ಲಿಂದ ಇಳಿದು ತಳ್ಳಬೇಕು. ಹೋದ ತಿಂಗಳು ಇದೇ ಇಳಿಜಾರಿನಲ್ಲಿ ಕ್ಯಾರಿಯರ್ ಮೇಲೆ ಒಂದು ಮೂಟೆ, ಮರುದಿನ ಇನ್ನೊಂದು ಮೂಟೆ ಇಟ್ಟುಕೊಂಡು ಹಾಡು ಗುನುಗುತ್ತ ಇಳಿದಿದ್ದನಲ್ಲ! ಮೆಣಸಿನ ಬೀಜಕ್ಕೆ ಗಟ್ಟಿ ಮಣ್ಣು ಆಗದು. ಸಸಿ ಬೆಳೆಸುವ ಮಡಿಗೆ ಗೊಬ್ಬರದ ಜೊತೆ ಸಣ್ಣ ಮರಳು ಬೆರೆಸಬೇಕು, ಬೀಜದ ಮೇಲೆಯೂ ತೆಳ್ಳಗೆ ಮರಳನ್ನೇ ಮುಚ್ಚಬೇಕು. ಅದಕ್ಕೆ ಹೆಂಗಸರು ಮೈಲಿಯಾಚೆ ಹಳ್ಳದಿಂದ ಮರಳು ಹೊತ್ತು ತಂದು ಜರಡಿ ಹಿಡಿಯಬೇಕು. ಮಗಳ ನೆತ್ತಿ ಮೇಲಿನ ಆ ಪುಟ್ಟಿಯ ಭಾರ ತಪ್ಪಿಸೋಣ ಅನಿಸಿತ್ತು. ಗಣಿಯಲ್ಲಿ ಅದಿರನ್ನು ಹಿಟ್ಟಿನ ಹಾಗೆ ಅರೆದು, ತಾಮ್ರ ತೆಗೆದುಕೊಂಡು, ಉಳಿದದ್ದನ್ನು ಗುಡ್ಡದ ಬುಡಕ್ಕೆ ಸುರಿಯುತ್ತಿದ್ದರು. ಬೂದು ಬಣ್ಣದ, ನುಣ್ಣನೆಯ, ಜರಡಿ ಹಿಡಿಯುವ ಕೆಲಸವೇ ಇಲ್ಲದ ಮರಳು. ಸಾಹೇಬರ ಮುಂದೆ ಕೈ ಕಟ್ಟಿ ನಿಂತು ಕೇಳಿದ್ದ. ಅವರು ತಲೆ ಎತ್ತದೆ, "ಕಸ ತಾನೆ, ತಗೊಂಡು ಹೋಗು" ಅಂದಿದ್ದರು. ಕಸ ಎಂಬ ಮಾತು ಅವನಿಗೆ ಆವತ್ತು ವರದಂತೆ ಕೇಳಿಸಿತ್ತು. ಒಂದು ಮೂಟೆ ತನ್ನ ಮಡಿಗೆ ಸುರಿದ. ಇನ್ನೊಂದನ್ನು ಶಿವಗಂಗಮ್ಮನವರ ಅಂಗಳಕ್ಕೆ ಇಳಿಸಿ, "ನಿಮ್ಮ ಮಡಿಗೂ ಇರ್ಲಿ ಅಮ್ಮಾರೆ, ನಮ್ಮ ಗಣೀದು. ದುಡ್ಡು ಕೊಟ್ರೂ ಸಿಗಲ್ಲ" ಎಂದು ಎದೆ ಉಬ್ಬಿಸಿದ್ದ. ನಮ್ಮ ಗಣಿ! ಗೇಟಿನಲ್ಲಿ ಕೈ ಎತ್ತಿ ನಿಲ್ಲುವವನ ಗಣಿ.

ಅವನ ಹಿತ್ತಿಲಲ್ಲಿ ಬಾವಿಯ ನೀರಿತ್ತು, ಆದ್ದರಿಂದ ಮಳೆಗೆ ಮುಂಚೆಯೇ ಮಲ್ಲಕ್ಕ ಬೀಜ ಹಾಕಿದ್ದಳು. ಹತ್ತನೇ ದಿನಕ್ಕೆ ಎದ್ದವು, ಅಷ್ಟಿಷ್ಟು. ಎರಡನೇ ಎಲೆ ಬರುವ ಹೊತ್ತಿಗೆ ಅರಿಸಿನಕ್ಕೆ ತಿರುಗಿದವು. ನೀರು ಕಡಿಮೆ ಆಯಿತೆಂದು ಇನ್ನೆರಡು ಕೊಡ ಹೊಯ್ದಳು, ಹೆಚ್ಚಾಯಿತೆಂದು ನಿಲ್ಲಿಸಿದಳು, ಬಿಸಿಲಿಗೆ ಸೋಗೆ ಹೊದಿಸಿದಳು, ತೆಗೆದಳು. ಒಂದು ಸಂಜೆ ಡ್ಯೂಟಿ ಮೇಲೆ ಡ್ಯೂಟಿ ಮಾಡಿ ಬಂದು ಕಾಲು ಎಳೆಯುತ್ತಿದ್ದವನು ಮಡಿಯ ಪಕ್ಕದಲ್ಲಿ ನಿಂತು, ಕಾಲಿಗೆ ಸಿಕ್ಕ ಚೊಂಬನ್ನು ಅತ್ತ ಒದ್ದು ಹೇಳಿದ್ದ: "ನಿನ್ನ ಕೈಗೆ ಏನಾತೇ ಈ ಸಲ?" ಅಷ್ಟೇ. ಬೇರೆ ಏನೂ ಅಂದಿರಲಿಲ್ಲ. ಒಳಗೆ ಹೋಗಿ ಮಲಗಿದ್ದ. ಮರುದಿನ ಏಕನಾಥಮ್ಮ ಅದನ್ನೇ ಬೇರೆ ರೀತಿ ಕೇಳಿದಳು. ಮುಟ್ಟಿನ ದಿನ ಮಡಿ ಮುಟ್ಟಿದ್ದೆಯಾ ಎಂದಳು. ಅದರ ಮರುದಿನ ನೀರಿಗೆ ಬಂದವರು ಕೇಳಿದರು. ನಾಲ್ಕು ದಿನದಲ್ಲಿ ಹಟ್ಟಿಯೆಲ್ಲ ಕೇಳಿತು. ಆದರೆ ಮೊದಲು ಆ ಮಾತು ಹುಟ್ಟಿದ್ದು ತನ್ನ ಬಾಯಲ್ಲಿ. ಆ ಸಂಜೆ ಮಗಳು ಅಂಗೈಯನ್ನು ತಿರುಗಿಸಿ ನೋಡಿಕೊಂಡಿದ್ದಳು, ಅಲ್ಲಿ ಏನೋ ಬರೆದಿದೆಯೇನೋ ಎಂಬಂತೆ.

ಎಮರ್ಜೆನ್ಸಿ ಬಂದ ಮೇಲೆ ಗಣಿಯ ಲ್ಯಾಬಿನ ಗೋಡೆಗೆ "ಮಾತು ಕಡಿಮೆ, ಹೆಚ್ಚು ದುಡಿಮೆ" ಎಂದು ಹೊಸದಾಗಿ ಬೋರ್ಡು ಬಿದ್ದು ಒಂದು ವರ್ಷವೂ ಆಗಿರಲಿಲ್ಲ. ಅದರ ಕೆಳಗೆ ನಿಂತು ಅವನು ಬಾಟಲಿ ತೊಳೆಯುತ್ತಿದ್ದ. ಹದಿಮೂರು ವರ್ಷದಿಂದ ಬಾಟಲಿ ತೊಳೆಯುವುದು, ಅದಿರಿನ ಪುಡಿ ತೂಗಿ ಆಸಿಡ್ಡಿಗೆ ಹಾಕುವುದು, ಕಾಯಿಸುವುದು, ಸೋಸುವುದು; ಅಂಕಿ ಬರೆಯುವುದು ಸಾಹೇಬರು. ಬೆರಳ ತುದಿಗಳು ಆಸಿಡ್ಡಿಗೆ ಹಳದಿಯಾಗಿ ಹಾಗೇ ನಿಂತಿದ್ದವು. ಹನ್ನೆರಡು ದಿನದ ಹಿಂದೆ, ಉಳಿದವರು ಊಟಕ್ಕೆ ಹೋದಾಗ, ಮಡಿಯಿಂದ ಕಾಗದದಲ್ಲಿ ಕಟ್ಟಿ ತಂದ ಒಂದು ಹಿಡಿ ಮಣ್ಣನ್ನು ಅವನು ಅದೇ ರೀತಿ ಕಾಯಿಸಿ, ಸೋಸಿ, ಕೊನೆಗೆ ಮೂಗು ಹಿಡಿದುಕೊಂಡು ಅಮೋನಿಯಾ ಹನಿಸಿದ್ದ. ಯಾಕೆ ಹಾಗೆ ಮಾಡಿದ? ಸತ್ತ ಸಸಿಯೊಂದನ್ನು ಕಿತ್ತಾಗ ಅದರ ಬೇರು ಬೇರಿನ ಹಾಗೆ ಇರಲಿಲ್ಲ. ಸುಟ್ಟ ಬತ್ತಿಯ ತುದಿಯಂತೆ ಮೊಂಡಾಗಿ, ಕಂದಾಗಿ, ಒಂದು ಕವಲೂ ಇಲ್ಲದೆ ನಿಂತುಬಿಟ್ಟಿತ್ತು. ಎಲೆಗೆ ರೋಗ ಬಂದರೆ ಬೇರು ಹೀಗೆ ಹೆದರಿ ಹಿಂದೆ ಸರಿಯುವುದಿಲ್ಲ. ಹನಿ ಬಿದ್ದ ಕೂಡಲೇ ಗಾಜಿನೊಳಗೆ ತಾಮ್ರದ ನೀಲಿ ಹರಡಿತು. ಹುಡುಗನಾಗಿದ್ದಾಗ ಕುರಿ ಹೊಡೆದುಕೊಂಡು ಜೋಗಿಮಟ್ಟಿ ತಪ್ಪಲಿಗೆ ಹೋದರೆ ಕಾಣುತ್ತಿದ್ದ ನವಿಲಿನ ಕತ್ತಿನ ನೀಲಿ. ಚೆಂದವಾಗಿತ್ತು. ಅಷ್ಟು ಚೆಂದವಾಗಿ ಕಂಡದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಆ ಬೂದು ಮರಳಲ್ಲಿ ಉಳಿದಿರುವ ತಾಮ್ರ ಎಷ್ಟೆಂದು ವಾರಕ್ಕೊಮ್ಮೆ ಪರೀಕ್ಷೆ ಆಗುತ್ತಿತ್ತು. ತೀರಾ ಕಡಿಮೆ, ಲೆಕ್ಕಕ್ಕಿಲ್ಲ ಎಂದು ಸಾಹೇಬರು ಪ್ರತಿ ಸಲ ಸಮಾಧಾನಪಡುತ್ತಿದ್ದರು. ಅದನ್ನು ಕೇಳಿ ಕೇಳಿ ಇವನಿಗೂ ಲೆಕ್ಕಕ್ಕಿಲ್ಲವಾಗಿತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡ ಬೀಜದ ಲೆಕ್ಕ ಬೇರೆ ಇರಬಹುದು ಎಂದು ಹೊಳೆದಿರಲಿಲ್ಲ. ಗಾಜನ್ನು ಮೂರು ಸಲ ತೊಳೆದ. ಮನೆಗೆ ಹೋಗಿ ಹೇಳಿಬಿಡಬೇಕು ಅಂದುಕೊಂಡ. ಹೋದಾಗ ಮಲ್ಲಕ್ಕ ಬಿಸಿನೀರು ತಂದಿಟ್ಟಳು. ಕಾಲು ತೊಳೆದುಕೊಂಡ. ನಾಳೆ ಹೇಳೋಣ ಅನಿಸಿತು. ಹನ್ನೆರಡು ನಾಳೆಗಳು ಆದವು.

ಹೇಳಿದರೆ ಏನಾಗುತ್ತಿತ್ತು? ಜನ ನಗುತ್ತಿದ್ದರು: ಪುಕ್ಕಟೆ ಸಿಕ್ಕಿತೆಂದು ವಿಷ ಹೊತ್ತು ತಂದ. ಸಾಹೇಬರ ಕಿವಿಗೆ ಬಿದ್ದರೆ ಗಣಿಯ ಮೇಲೆ ಮಾತಾಡಿದನೆಂದು ಆಗುತ್ತಿತ್ತು, ಮಾತಾಡುವ ಕಾಲವೂ ಅದಲ್ಲ. ಆದರೆ ಈ ಬೆಳಿಗ್ಗೆ, ಬಾಟಲಿಯ ಕತ್ತಿಗೆ ಬ್ರಷ್ಷು ತೂರಿಸುತ್ತಿರುವಾಗ, ಇವೆಲ್ಲಕ್ಕಿಂತ ಹೊಲಸಾದ ಇನ್ನೊಂದು ಯೋಚನೆ ಸದ್ದಿಲ್ಲದೆ ಬಂದು ಕೂತಿತು. ಶಿವಗಂಗಮ್ಮನವರ ಅಂಗಳದ ಮೂಟೆ. ಅದೂ ಇವತ್ತು ಮಡಿಗೆ ಬೀಳುತ್ತದೆ. ಗಂಗಕ್ಕ ಬೀಜ ಹಾಕುತ್ತಾಳೆ. ಇಪ್ಪತ್ತು ದಿನಕ್ಕೆ ಅವೂ ಹಳದಿಯಾಗುತ್ತವೆ. ಆಗ ಜನ ತಾವಾಗಿಯೇ ಹೇಳುತ್ತಾರೆ, ಗಂಗಕ್ಕನ ಕೈಯಲ್ಲೂ ಏಳಲಿಲ್ಲವಲ್ಲ, ಪಾಪ, ಮಲ್ಲಕ್ಕನದೇನು ತಪ್ಪು, ಈ ವರ್ಷದ ಗಾಳಿಯೇ ಹಾಗೆ. ತಾನು ಬಾಯಿ ತೆರೆಯಬೇಕಾಗಿಯೇ ಇಲ್ಲ. ಸುಮ್ಮನಿದ್ದರೆ ಸಾಕು, ಮಗಳು ಮೇಲೆ ಬರುತ್ತಾಳೆ. ಅದು ಎಷ್ಟು ಸುಲಭವಾಗಿತ್ತೆಂದರೆ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಗಂಗಕ್ಕ ಕಣ್ಣಿಗೆ ಕಟ್ಟಿದಳು: ಮಕ್ಕಳಿಲ್ಲದ, ಗಂಡ ಬಿಟ್ಟ ಹೆಂಗಸು, ಯಾರೂ ಶುಭಕ್ಕೆ ಕರೆಯದವಳು. ಮೊದಲ ಸಲ ಯಾರೋ ಅವಳ ಕೈಗೆ ಮೊರ ಕೊಡುತ್ತಿದ್ದಾರೆ. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡಿರುತ್ತಾಳೆ. ಇಪ್ಪತ್ತು ದಿನವಾದ ಮೇಲೆ ಅವಳೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾಳೆ. ಅವಳು ಮೇಲೆ ಬರಲು ಆಮೇಲೆ ಮೂರನೆಯವಳೊಬ್ಬಳು ಮುಳುಗಬೇಕು.

"ಹಾಲಸ್ವಾಮಿ, ಇದೇನಪ್ಪ, ನಿನ್ನ ಹೊಲ ಕಿಟಕಿಗೆ ಬಂದೈತಲ್ಲ?"

ಲ್ಯಾಬಿನ ಹಿರಿಯ ಮುದ್ದಪ್ಪ ಖಾಲಿ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಬಗ್ಗಿ ನೋಡುತ್ತಿದ್ದ. ಬಾಟಲಿಗಳ ಹಿಂದೆ ಎರಡು ತಗಡಿನ ಮುಚ್ಚಳ. ಏಳು ದಿನದ ಹಿಂದೆ ಒಂದರಲ್ಲಿ ಹೊಲದ ಕೆಂಪು ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿಗೆ ಗಣಿಯ ಮರಳು ಬೆರೆಸಿ, ಎರಡಕ್ಕೂ ಇಪ್ಪತ್ತಿಪ್ಪತ್ತು ಸಜ್ಜೆ ಕಾಳು ಹಾಕಿ ಇಟ್ಟಿದ್ದ. ಮೆಣಸು ನಿಧಾನ, ಸಜ್ಜೆ ಬೇಗ ಹೇಳುತ್ತದೆ ಎಂದು. ಆದರೆ ಮೊಳಕೆ ಕಾಣತೊಡಗಿದ ಮೇಲೆ, ಮೂರು ದಿನದಿಂದ, ಅದರ ಕಡೆ ಸರಿಯಾಗಿ ನೋಡಿರಲಿಲ್ಲ. ನೀರು ಹನಿಸುವಾಗಲೂ ಕಣ್ಣು ಬೇರೆ ಕಡೆ ಇಟ್ಟುಕೊಂಡು ಹನಿಸುತ್ತಿದ್ದ. ಈಗ ನೋಡಿದ. ಒಂದರಲ್ಲಿ ಬೆರಳುದ್ದ ಹಸಿರು, ಒತ್ತಾಗಿ. ಇನ್ನೊಂದರಲ್ಲಿ ಒಂಬತ್ತೋ ಹತ್ತೋ ಎದ್ದಿದ್ದವು, ಉಗುರುದ್ದ, ನಸು ಹಳದಿ. ಮುದ್ದಪ್ಪ ಕೇಳದೆಯೇ ಎರಡರಿಂದಲೂ ಒಂದೊಂದು ಎಳೆದು ಬೆಳಕಿಗೆ ಹಿಡಿದ. ಒಂದರ ಬೇರು ಬಿಳಿ ದಾರದಂತೆ ತೂಗಿತು. ಇನ್ನೊಂದರಲ್ಲಿ ತೂಗಲು ಏನೂ ಇರಲಿಲ್ಲ.

"ಆ ಮೂಟೆ ಹೊತ್ತಿದ್ಯಲ್ಲ, ಅದೇನಾ ಇದು?" ಅಂದ ಮುದ್ದಪ್ಪ, ದನಿ ಇಳಿಸಿ.

"ಹೂಂ."

"ಯಾರಿಗಾರ ಹೇಳಿದ್ಯಾ?"

"ಇಲ್ಲ."

ಮುದ್ದಪ್ಪ ಗೋಡೆಯ ಬೋರ್ಡಿನ ಕಡೆ ನೋಡಿ, ಮೂಗಿನಲ್ಲೇ ನಕ್ಕ. "ಇಲ್ಲಿ ಹೇಳಬ್ಯಾಡ. ಇಲ್ಲಿಯೋರಿಗೆ ಕಿವಿ ಇಲ್ಲ. ಮನೇಲಿ ಹೇಳಕೆ ಏನ್ ಧಾಡಿ ನಿಂಗೆ?" ಆಮೇಲೆ, ಎರಡೂ ಮೊಳಕೆಯನ್ನು ಆಯಾ ಮುಚ್ಚಳದಲ್ಲೇ ಇಟ್ಟು, "ನಾನೂ ಹೋದ ವರ್ಷ ಹೊತ್ಕಂಡು ಹೋಗಿದ್ದೆ ಕಣಯ್ಯ. ಬದನೆ ಹಾಕಿದ್ದೆ. ನಮ್ಮ ಮನೆಯಾಕೆ ಬಾವೀದು ಉಪ್ಪು ನೀರು ಅಂದ್ಲು. ನಾನೂ ಹೌದು ಅಂದೆ" ಎಂದ. ಹೇಳಿ ಮುಗಿಸಿದ ಮೇಲೂ ಅವನು ಅಲ್ಲೇ ನಿಂತಿದ್ದ, ಇನ್ನೂ ಏನೋ ಕೆಳಗಿಡಬೇಕಾಗಿರುವವನಂತೆ. "ಮಧ್ಯಾಹ್ನದ ಮೇಲೆ ಹೋಗು. ನಾನು ನೋಡ್ಕಂತೀನಿ."

ಗೇಟಿನಲ್ಲಿ ಕಾವಲಿನ ಕೆಂಚಣ್ಣ ಡಬ್ಬಿ ಬಿಚ್ಚಿಸಿದ. ಅದರೊಳಗೆ ಎರಡು ತಗಡಿನ ಮುಚ್ಚಳ, ಮಣ್ಣು, ಮೊಳಕೆ. ಕೆಂಚಣ್ಣ ಬಹಳ ಹೊತ್ತು ನೋಡಿದ. ಹಿಂದೆ ಲಾರಿಯವನು ಹಾರನ್ ಹೊಡೆದ. "ಲೇ ಹಾಲಸ್ವಾಮಿ, ಮಂದಿ ಇಲ್ಲಿಂದ ತಾಮ್ರ ಕದೀತಾರೆ, ನೀನು ಸಜ್ಜೆ ಕದೀತೀಯಲ್ಲೋ!" ಲಾರಿಯ ಮೇಲಿದ್ದವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ಆ ನಗೆ ಆರು ಮೈಲಿಯೂ ಅವನ ಬೆನ್ನಿಗಂಟಿಕೊಂಡು ಬರುತ್ತಿತ್ತು. ಇವತ್ತು ಕೈ ಮೇಲೆತ್ತಿ ನಿಂತವನಿಗೆ ಒಂದೇ ಚಿಂತೆ: ಕೆಂಚಣ್ಣ ಡಬ್ಬಿಯನ್ನು ಓರೆ ಮಾಡಬಾರದು.

ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಹೇಗೆ ಹೇಳಬೇಕೆಂದು ಮೂರು ನಾಲ್ಕು ರೀತಿ ಜೋಡಿಸಿಕೊಂಡ. ಎಲ್ಲದರಲ್ಲೂ ಸಾಹೇಬರು ಕಸ ಅಂದದ್ದು ಮೊದಲು ಬರುತ್ತಿತ್ತು, ತಾನು ಕೊನೆಗೆ ಬರುತ್ತಿದ್ದ. ಮತ್ತೆ ತಿರುವಿ ಹಾಕಿದ. ಹೊತ್ತು ಆಗಲೇ ಇಳಿದಿತ್ತು. ಶಿವಗಂಗಮ್ಮನವರ ಬಾವಿಯ ಹತ್ತಿರ ನಾಲ್ಕೈದು ಹೆಂಗಸರು. ಮಡಿ ಹದವಾಗಿ ಕೆರೆದು ಅಂಚು ಕಟ್ಟಿತ್ತು. ಮೂಟೆಯ ಬಾಯಿ ಬಿಚ್ಚಿತ್ತು, ಬೂದು ಮರಳು ಅರ್ಧ ಮಡಿಗೆ ಬಿದ್ದು ನುಣುಪಾಗಿ ಹರಡಿತ್ತು. ತೊಳೆದ ತಲೆಯ ಗಂಗಕ್ಕ ಮೊರ ಹಿಡಿದು ನಿಂತಿದ್ದಳು. ಬಾವಿಯ ಕಟ್ಟೆಯ ಮೇಲೆ, ಎಲ್ಲರಿಂದ ದೂರದಲ್ಲಿ, ಹಗ್ಗ ಹಿಡಿದುಕೊಂಡು ಮಲ್ಲಕ್ಕ. ಬೇಡವೆಂದರೂ ಬಂದಿದ್ದಾಳೆ. ಬೀಜ ಮುಟ್ಟುವುದಿಲ್ಲ, ನೀರು ಸೇದಿ ಕೊಡುತ್ತಾಳೆ ಅಷ್ಟೇ. ತನ್ನ ಕೈಗೆ ತಾನೇ ಎಷ್ಟು ದೂರ ಎಂದು ಅಳೆದುಕೊಂಡಿದ್ದಾಳೆ.

"ಹಾಕಬ್ಯಾಡ್ರಿ" ಅಂದ. ಸೈಕಲ್ಲು ಹಿಂದೆ ಎಲ್ಲೋ ಬಿತ್ತು. "ಗಂಗಕ್ಕ, ಹಾಕಬ್ಯಾಡ. ಮರಳು ಸರಿಯಿಲ್ಲ."

"ಏನಪ್ಪ, ದುಡ್ಡು ಕೊಟ್ರೂ ಸಿಗಲ್ಲ ಅಂದಿದ್ದೆ?" ಎಂದರು ಶಿವಗಂಗಮ್ಮ.

ಅವನು ಟವಲಿನ ಗಂಟು ಬಿಚ್ಚಿ ಮುಚ್ಚಳಗಳನ್ನು ಮಡಿಯ ಅಂಚಿನ ಮೇಲಿಟ್ಟ. "ಇದ್ರಾಗೆ ತಾಮ್ರ ಉಳದೈತಿ. ಬೇರು ಇಳಿಯಾಕೆ ಬಿಡಲ್ಲ. ನಮ್ಮ ಮಡಿ ಹೋಗಿದ್ದು ಇದ್ರಿಂದಲೇ. ನಾನೇ ತಂದಿದ್ದು, ನಾನೇ ಸುರಿದಿದ್ದು. ಮಲ್ಲಿ ಕೈಯಾಗೆ ಏನೂ ಇಲ್ಲ."

ಬಾವಿಯ ರಾಟೆ ಒಮ್ಮೆ ಕಿರ್ ಎಂದು ನಿಂತಿತು. ಗಂಗಕ್ಕ ಮೊರವನ್ನು ಎದೆಗೆ ಒತ್ತಿಕೊಂಡು, "ಹಂಗಾರೆ ನಾನೂ ಮುಳುಗ್ತಿದ್ನಲ್ಲೋ ನಿನ್ನ ಮನೆ ಹಾಳಾಗ!" ಅಂದಳು. ಶಿವಗಂಗಮ್ಮ ಬಗ್ಗಿ ಒಂದು ಹಿಡಿ ಬೂದು ಮರಳು ತೆಗೆದು, ಮೂಸಿ, ಉದುರಿಸಿ, ಕೈ ಒರೆಸಿಕೊಂಡರು. "ಇಷ್ಟು ದಿನ ಬಾಯಾಗೆ ಏನಿಟ್ಕಂಡಿದ್ದೆ ಹಾಲಸ್ವಾಮಿ? ಇದೇ ಮರಳಾ?" ಹೆಂಗಸರು ನಕ್ಕರು. ಅವನೂ ನಗಬೇಕೆಂದುಕೊಂಡ, ನಗು ಬರಲಿಲ್ಲ. ನಗೆ ಮುಗಿಯುವ ಮೊದಲೇ ಮಲ್ಲಕ್ಕ ಕಟ್ಟೆಯಿಂದ ಇಳಿದು ಬಂದಿದ್ದಳು. ಕುಕ್ಕರುಗಾಲಲ್ಲಿ ಕೂತು ಎರಡು ಮುಚ್ಚಳವನ್ನೂ ನೋಡಿದಳು. ಹದಿನೈದು ದಿನದಿಂದ ಸೆರಗಿನೊಳಗಿದ್ದ ಕೈ ಹೊರಗೆ ಬಂದು, ಹಸಿರು ಮೊಳಕೆಯೊಂದನ್ನು ಬುಡದ ಹತ್ತಿರ ಎರಡು ಬೆರಳಲ್ಲಿ ಹಿಡಿದು, ಅವ್ವ ಹಿಡಿಯುತ್ತಿದ್ದ ಹಾಗೆಯೇ, ನೋಯದಂತೆ ಎತ್ತಿತು.

"ನಿಂಗೆ ಯಾವಾಗ ಗೊತ್ತಾತಪ್ಪ?"

ಈ ಪ್ರಶ್ನೆಯನ್ನು ಅವನು ದಾರಿಯಲ್ಲಿ ಒಮ್ಮೆಯೂ ಜೋಡಿಸಿಕೊಂಡಿರಲಿಲ್ಲ. ಮೊನ್ನೆ ಎನ್ನಬಹುದು. ಇವತ್ತೇ ಎನ್ನಬಹುದು, ಮುಚ್ಚಳ ಸಾಕ್ಷಿ ಇದೆ. ಅವಳು ತಲೆ ಎತ್ತಿರಲಿಲ್ಲ. ಬೈತಲೆಯ ಮೇಲೆ ಬಾವಿಯ ನೀರು ಸಿಡಿದು ಹನಿ ನಿಂತಿತ್ತು.

"ಹನ್ನೆರಡು ದಿನ ಆತು."

ಅವಳು ಬೇರನ್ನು ಬೆರಳ ಮೇಲೆ ಮಲಗಿಸಿ ಉದ್ದ ನೋಡಿದಳು. ಇನ್ನೊಂದನ್ನು ನೋಡಿದಳು. ಎದ್ದು, ಮೂಲೆಯಲ್ಲಿದ್ದ ಸಲಿಕೆ ತೆಗೆದುಕೊಂಡು, ಅವನನ್ನು ದಾಟಿ ಬಾವಿಯ ಆಚೆ ಬದಿಗೆ ಹೋಗಿ, ನೆಲಕ್ಕೆ ಒಂದು ಏಟು ಹಾಕಿದಳು. ಕೆಂಪು ಮಣ್ಣು ಬಿರಿಯಿತು. "ಅಮ್ಮಾರೆ, ಆ ಮಡಿ ಈ ವರ್ಷಕ್ಕೆ ಬಿಡ್ರಿ. ಇಲ್ಲಿ ಹೊಸದು ಮಾಡಾಣ. ನೀರೂ ಹತ್ರ ಐತೆ. ಮರಳು ನಾನು ಹಳ್ಳದಿಂದ ತರ್ತೀನಿ." ದನಿ ಒರಟಾಗಿತ್ತು. ಆ ಒರಟಿನಲ್ಲಿ ತನಗೆ ಕ್ಷಮೆ ಇಲ್ಲ ಎಂಬುದು ಹಾಲಸ್ವಾಮಿಗೆ ಗೊತ್ತಾಯಿತು. ಇನ್ನೆಷ್ಟೋ ದಿನ ಬಿಸಿನೀರು ತಂದಿಡುವಾಗ ಚೊಂಬು ಸ್ವಲ್ಪ ಜೋರಾಗಿಯೇ ಕೆಳಗೆ ಬೀಳುತ್ತದೆ. ಬೀಳಲಿ. ಅವನು ಅಂಗಿ ಕಳಚಿ ಬೇಲಿಗೆ ಹಾಕಿ, ಅವಳ ಕೈಯಿಂದ ಸಲಿಕೆ ತೆಗೆದುಕೊಂಡ. ಅವಳು ಕೊಟ್ಟಳು. ಆಮೇಲೆ ಪುಟ್ಟಿ ಹಿಡಿದು ಹಳ್ಳದ ಕಡೆ ಹೊರಟವಳನ್ನು ಕರೆಯದೆಯೇ ಇನ್ನಿಬ್ಬರು ಹಿಂಬಾಲಿಸಿದರು.

ಅವರು ಹಿಂದಿರುಗುವ ಹೊತ್ತಿಗೆ ಹೊಸ ಮಡಿ ಎದ್ದಿತ್ತು, ಬೂದು ಮರಳೆಲ್ಲ ಕೆರೆದು ಮೂಟೆಗೆ ತುಂಬಿತ್ತು. "ಇದನ್ನೆಲ್ಲಿಗೆ ಹಾಕ್ತೀಯ?" ಎಂದರು ಶಿವಗಂಗಮ್ಮ. "ಎಲ್ಲಿಂದ ತಂದೆನೋ ಅಲ್ಲಿಗೇ ಅಮ್ಮಾರೆ. ಒಳಗೆ ಹೋಗೋದನ್ನ ಗೇಟ್ನಾಗೆ ಯಾರೂ ನೋಡಲ್ಲ." ಈ ಸಲ ಅವನಿಗೆ ನಗು ಬಂತು. ಗಂಗಕ್ಕ ಮೊರವನ್ನು ಮಲ್ಲಕ್ಕನ ಮುಂದೆ ಹಿಡಿದಳು, "ತಗಳೇ, ನಿಂದೇ ಮಡಿ" ಎಂದು; ಆದರೆ ಅವಳ ಬೆರಳು ಮೊರದ ಅಂಚನ್ನು ಬಿಟ್ಟಿರಲಿಲ್ಲ. ಮಲ್ಲಕ್ಕ ಆ ಬೆರಳುಗಳನ್ನೇ ನೋಡುತ್ತಿದ್ದಳು. "ಆ ತುದಿಯಿಂದ ನೀನು ಬಾ ಗಂಗತ್ತೆ, ಈ ತುದಿಯಿಂದ ನಾನು." ಇಬ್ಬರೂ ಬಗ್ಗಿದರು. ಉಳಿದವರು ಎರಡು ಹೆಜ್ಜೆ ಹಿಂದೆ ಸರಿದರು, ಹಾಲಸ್ವಾಮಿಯೂ ಸರಿದ.

ನಡುವೆ ಒಂದು ಗೇಣು ಬಾಕಿ ಇದ್ದಾಗ ಮಲ್ಲಕ್ಕ ತಿರುಗಿ, "ಕೈ ತೊಳಕಂಡು ಬಾರಪ್ಪ" ಅಂದಳು. ತೊಳೆದ. ಮಣ್ಣು ಹೋಯಿತು, ಬೆರಳ ಹಳದಿ ಹೋಗಲಿಲ್ಲ. ಹಾಗೇ ಚಾಚಿದ. ಅವಳು ಹಳದಿಯನ್ನು ನೋಡಿದಳು, ಅಂಗೈಗೆ ಒಂದು ಚಿಟಿಕೆ ಬೀಜ ಹಾಕಿ, ಅವನ ಕೈಯ ಕೆಳಗೆ ತನ್ನ ಕೈ ಕೊಟ್ಟಳು. "ಎಸೀಬ್ಯಾಡ. ಸುಮ್ನೆ ಬೆರಳು ಬಿಡು, ಅವೇ ಹೋಗ್ತವೆ."

ಬೆರಳು ಬಿಟ್ಟ.